ಹೊಲಿಗೆ ಅಕ್ಕೋರ ಹೆದರಿಕೆ

ಮೊನ್ನೆ ತೀರ್ಥಹಳ್ಳಿಯಿಂದ ತಂದ ಹೊಸ ಚಪ್ಪಲಿಯ ಪೊಟ್ಟಣ ಬಿಚ್ಚಿದಾಗ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಹಾಕಿಕೊಳ್ಳಲಾಗಲಿಲ್ಲ, ಮಕ್ಕಳೇ. ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಅಕ್ಕೋರು ನೆನಪಾದರು...

ನಾನಾಗ ಏಳನೇ ತರಗತಿ. ತಮ್ಮ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದರಿಂದ ಅವರು ವಯಸ್ಸಾದ ತಾಯಿಯನ್ನು ಕರೆದುಕೊಂಡು ಹೊಸನಗರದ ಕಡೆಯ ನಮ್ಮ ಹಳ್ಳಿಗೆ ಬಂದಿದ್ದರು. ಅವರಿಗೆ ಆಗೊಮ್ಮೆ ಈಗೊಮ್ಮೆ ಮೂರ್ಛೆ ಬರುತ್ತಿತ್ತು. ಶಾಲೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ಸಂಜೆ ನಾವಿಬ್ಬರೇ ಇದ್ದಾಗ ಬಿದ್ದಿದ್ದರು. ಎಚ್ಚರವಾದ ಮೇಲೆ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ ಮಾರಾಯ್ತಿ. ಗೊತ್ತಾದ್ರೆ ಕೆಲ್ಸ ಹೋಗ್ತದೆ. ಅಮ್ಮಂಗೆ ನನ್ನ ಬಿಟ್ರೆ ಯಾರೂ ಇಲ್ಲ" ಎಂದರು.

ಮೂರ್ಛೆಗೆ ಮುಂಚೆ ಅವರಿಗೆ ಕಾರಣವಿಲ್ಲದೆ ಹೆದರಿಕೆ ಹುಟ್ಟುತ್ತಿತ್ತಂತೆ. ಕೆಲವು ಸಲ ಬರೀ ಹೆದರಿಕೆ ಬಂದು ಹೋಗುತ್ತಿತ್ತಂತೆ. ಯಾವುದು ಯಾವಾಗ ಬಂತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. "ಹೆದರಿಕೆ ಬಂದಾಗೆಲ್ಲ ನಾ ಬೀಳೂದಿಲ್ಲ. ಸುಮ್ನೆ ಕೂತ್ರೆ ಹೋಗ್ತದೆ" ಎಂದು ನನಗೆ ಹೇಳಿಕೊಟ್ಟಿದ್ದರು.

ಶಾಲೆಗೆ ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ, ಅಕ್ಕೋರು ನಾನು ಹೊಲಿದ ದಿಂಬಿನ ಚೀಲವನ್ನು ಎಲ್ಲರೆದುರು ಎತ್ತಿ ಹಿಡಿದು, "ಇದ್ರಲ್ಲಿ ಹತ್ತಿ ನಿಲ್ತದಾ? ಕುಂಬಳಕಾಯಿನೂ ಉದುರ್ತದೆ" ಎನ್ನುತ್ತ ಹೊಲಿಗೆ ಬಿಚ್ಚಿಹಾಕಿದರು. ಹುಡುಗಿಯರು ನಕ್ಕರು.

ಮರುದಿನ ಇನ್ಸ್‌ಪೆಕ್ಟರ ಮುಂದೆ ಅಕ್ಕೋರ ಮುಖ ಬಿಳಿಚಿಕೊಂಡಿತು. ಕುರ್ಚಿ ಹಿಡಿದು ಕೂತರು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು, ನನಗದು ಗೊತ್ತಿತ್ತು. ನಮ್ಮ ಕಡೆ ಆಗೆಲ್ಲ ಮೂರ್ಛೆ ಬಿದ್ದವರ ಮೂಗಿಗೆ ಚಪ್ಪಲಿ ಹಿಡಿಯುತ್ತಿದ್ದರು. ನಾನು ಎದ್ದು ಹೋಗಿ, ಬಾಗಿಲಲ್ಲಿದ್ದ ಚಪ್ಪಲಿ ತಂದು ಅವರ ಮೂಗಿಗೆ ಒತ್ತಿದೆ.

ಅವರಿಗೆ ಪೂರ್ತಿ ಎಚ್ಚರವಿತ್ತು. ನನ್ನನ್ನೇ ನೋಡುತ್ತಿದ್ದರು.

"ಎಷ್ಟು ದಿನದಿಂದ ಇದು?" ಇನ್ಸ್‌ಪೆಕ್ಟರು ಕೇಳಿದ್ದು ಅವರನ್ನಲ್ಲ, ನನ್ನನ್ನು. ಹಾಜರಿಗೆ 'ಎಸ್ ಸಾರ್' ಎನ್ನಲೂ ನಾಚುತ್ತಿದ್ದವಳು ಅಂದು ಸ್ಪಷ್ಟವಾಗಿ ಹೇಳಿದೆ: "ಮೊದ್ಲಿಂದ ಇದೆ ಸಾರ್. ಬುಕ್ಕಲ್ಲಿ ಬರ್ದಿಟ್ಟಿದಾರೆ."

"ಜಾಣೆ" ಎಂದು ಹೆಡ್‌ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಅಕ್ಕೋರ ಕೆಲಸ ಹೋಯಿತು. ಆ ವಾರವೇ ತಾಯಿ ಮಗಳು ಸಾಗರದ ಬಸ್ಸು ಹತ್ತಿದರು...

ಮೂರ್ಛೆರೋಗದವರಿಗೆ ಹೆದರಿಕೆ ಮೆದುಳಿನ ಯಾವ ಭಾಗದಿಂದ ಏಳುತ್ತದೆ ಎಂದು ನಿಮ್ಮ ದೊಡ್ಡಕ್ಕ ಈಗ ಕಾಲೇಜಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳಲ್ಲ. ಹೋದ ಸಲ ಬಂದಾಗ, "ನಿಮ್ ಕಾಲದಲ್ಲಿ ಇಂಥವ್ರು ಯಾರಾದ್ರೂ ಇದ್ರಾ ಅಜ್ಜಿ?" ಎಂದು ಕೇಳಿದಳು.

ಯಾರೂ ಇರಲಿಲ್ಲ ಎಂದುಬಿಟ್ಟೆ.

ಇದ್ದರು. ಎಲ್ಲಿ ಹೋದರು, ಏನಾದರು ಎಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ. ಈಗ ವಿಚಾರಿಸೋಣವೆಂದರೆ ಅವರನ್ನು ಕಂಡವರಲ್ಲಿ ಈ ಕಡೆ ಉಳಿದಿರುವವಳು ನಾನೊಬ್ಬಳೇ.