ಸಮುದ್ರರಾಜನ ಮಗಳೂ ನಮ್ಮ ಮನೆಯ ಗಡಿಯೂ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಬೇಗ ಹೋಗುವುದೂ ಇಲ್ಲ. ಅಮೆರಿಕದ ಮರ್ಸರ್ ಐಲ್ಯಾಂಡಿನಲ್ಲಿ ಅಣ್ಣನ ಮನೆಯ ಊಟದ ಮೇಜಿನಲ್ಲಿ ಆ ಶನಿವಾರ ಸಂಜೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ.

ನಮ್ಮದು ತುಳುನಾಡಿನ ಅಳಿಯಸಂತಾನದ ಕುಟುಂಬ. ಮನೆಯ ಯಜಮಾನಿಕೆಗೆ ನಮ್ಮಲ್ಲಿ ಗಡಿ ಎನ್ನುತ್ತಾರೆ. ಅದು ಮಗನಿಗೆ ಹೋಗುವುದಿಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಬೇರೆಯವರಿಗೆ ಗೋತ್ರ ಇದ್ದ ಹಾಗೆ ನಮಗೆ ಬಳಿ. ಅದು ಬರುವುದೂ ತಾಯಿಯಿಂದಲೇ. ಗಡಿ ಹಿಡಿದಿದ್ದ ಸೋದರಮಾವ ಹಿಂದಿನ ವರ್ಷ ತೀರಿಕೊಂಡರು. ಮುಂದಿನ ಸರದಿ ಅಣ್ಣನದು. ಆದರೆ ಗಡಿ ಹಿಡಿದವನು ಮನೆದೈವದ ಉತ್ಸವವಾದ ನೇಮಕ್ಕೆ ವರ್ಷವರ್ಷ ಊರಿಗೆ ಹೋಗಬೇಕು, ಅದಕ್ಕೆ ಅವನಿಗೆ ರಜೆ ಸಿಗುವುದಿಲ್ಲವಂತೆ. ಅವನನ್ನು ಬಿಟ್ಟರೆ ನಮ್ಮ ಬಳಿಯಲ್ಲಿ ಗಡಿ ಹಿಡಿಯಲು ಉಳಿದವರು ನಾನು ಮತ್ತು ನನ್ನ ಒಬ್ಬಳೇ ಮಗಳು.

ಮಗಳು ಕಾಲೇಜಿನಲ್ಲಿ ಇತಿಹಾಸ ಓದುತ್ತಾಳೆ. ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೋಳಿ ಸಾರಿಗೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತಾ ಅಣ್ಣ, "ಈಗ ಎಂತ ಓದ್ತಾ ಇದ್ದಿ?" ಎಂದು ಕೇಳಿದ. ಅವಳಿಗೆ ಅಷ್ಟೇ ಸಾಕು. ಸ್ಕಾಟ್ಲೆಂಡಿಗೂ ಐರ್ಲೆಂಡಿಗೂ ನಡುವಿನ ದ್ವೀಪಗಳನ್ನು ಹಿಂದೆ ಸಮುದ್ರರಾಜರು ಆಳುತ್ತಿದ್ದರಂತೆ. ಅರ್ಧ ನಾರ್ವೆಯವರು, ಅರ್ಧ ಗೇಲಿಕ್ ಜನ, ಹಡಗುಗಳೇ ಅವರ ಬಲ. ಪಟ್ಟ ಯಾರಿಗೆ ಎಂಬುದಕ್ಕೆ ಗಟ್ಟಿ ನಿಯಮವಿಲ್ಲದೆ ಮಗ, ತಮ್ಮ, ಅಣ್ಣನ ಮಗ ಎಲ್ಲರೂ ಕತ್ತಿ ಹಿಡಿದು ಬರುತ್ತಿದ್ದರು. ಒಬ್ಬ ರಾಜನನ್ನು ಅವನ ಅಣ್ಣನ ಮಕ್ಕಳೇ ಕೊಂದರು. ಆ ರಾಜನ ಮಗಳನ್ನು ಒಬ್ಬ ಸರದಾರ ಮದುವೆಯಾಗಿದ್ದ. ಅವಳ ಮಗನಿಗೆ ತಾಯಿಯ ಕಡೆಯ ಹಕ್ಕಿದೆಯೆಂದು ಅವನನ್ನು ದ್ವೀಪದಿಂದ ದ್ವೀಪಕ್ಕೆ ಕರೆದೊಯ್ದು, ಇವನೇ ರಾಜ ಎಂದು ಒಪ್ಪಿಸಿದರು. ಅವಳಿಗೆ ಏನು ಬೇಕಿತ್ತೆಂದು ಯಾರೂ ಬರೆದಿಡಲಿಲ್ಲ. ಮಠದ ಸನ್ಯಾಸಿಗಳು ಬರೆದಿಟ್ಟದ್ದು, ಅವಳ ಮದುವೆಯಿಂದಲೇ ರಾಜ್ಯ ಹಾಳಾಯಿತು ಎಂದು.

"ನೋಡು, ಮಗನಿಗೇ ಅಂತ ಒಂದು ರೂಲ್ ಇದ್ದಿದ್ರೆ ಈ ರಗಳೆಯೇ ಇಲ್ಲ," ಎಂದು ಅಣ್ಣ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ನಾನೂ ಅದನ್ನೇ ಯೋಚನೆ ಮಾಡಿದ್ದು. ಗಡಿಗೆ ನನ್ನ ಮಗನನ್ನೇ ಕೂರಿಸುವ. ಅವನದು ರಿಮೋಟ್ ಕೆಲಸ, ಊರಿಂದಲೂ ಮಾಡ್ಬಹುದು."

"ಅವನ ಬಳಿ ಯಾವುದು?" ಎಂದೆ.

"ಈ ಕಾಲದಲ್ಲಿ ಬಳಿಗಿಳಿ ಯಾರು ಕೇಳ್ತಾರೆ ಮಾರಾಯ್ತಿ? ನಮ್ಮದನ್ನೇ ಹೇಳಿದ್ರಾಯ್ತು."

ನನಗೆ ಮೈಯೆಲ್ಲ ಉರಿಯಿತು. "ದೈವದ ಎದುರು ನಿಂತು ಸುಳ್ಳು ಹೇಳಿಸ್ತಿಯಾ? ಮಾಡುವುದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ! ನಾನಿಲ್ವಾ? ಇವಳಿಲ್ವಾ?"

"ನಿನಗೆ ಗಂಡು ಮಕ್ಕಳಿದ್ದಾರಾ?" ಎಂದ, ಉಪ್ಪಿನಕಾಯಿ ಉಂಟಾ ಎಂದು ಕೇಳಿದ ಹಾಗೆ.

ಅಳಿಯಸಂತಾನದಲ್ಲಿ ಹಿಂದೆ ಹೆಂಗಸರೂ ಯಜಮಾನಿಕೆ ನಡೆಸಿದ್ದಾರೆ. ಅದನ್ನು ನನ್ನ ಒಡಹುಟ್ಟಿದವನಿಗೆ ನಾನು ಪಾಠ ಮಾಡಬೇಕಾಯಿತು. ಅವನು ಪೂರ್ತಿ ಕೇಳಲೂ ಇಲ್ಲ. "ಅಜ್ಜನನ್ನೇ ಕೇಳುವ," ಎಂದು ಊರಿಗೆ ಕಾಲ್ ಮಾಡಿ ಫೋನನ್ನು ಮೇಜಿನ ಮಧ್ಯೆ ಸ್ಪೀಕರಿಗೆ ಹಾಕಿದ. ನಾವೆಲ್ಲ ಅಜ್ಜ ಎನ್ನುವ ಇವರು ಕುಟುಂಬದಲ್ಲೇ ಹಿರಿಯರು, ಅಮ್ಮನ ಚಿಕ್ಕಮ್ಮನ ಮಗ, ತನಗೆ ಪ್ರಾಯವಾಯಿತೆಂದು ಗಡಿ ಬೇಡ ಅಂದವರು. ಅಲ್ಲಿ ಬೆಳಿಗ್ಗೆ, ಚಾ ಕುಡಿಯುತ್ತಿದ್ದರು.

ಅವರು ಕೇಳಿದ್ದೂ ನನ್ನ ಪ್ರಶ್ನೆಯನ್ನೇ. "ನಿನ್ನ ಮಗನ ಬಳಿ ಯಾವುದು?"

ಅಷ್ಟು ಹಿರಿಯರ ಎದುರು ಸುಳ್ಳು ಹೇಳುವ ಧೈರ್ಯ ಅಣ್ಣನಿಗೆಲ್ಲಿಯದು? ಹೆಂಡತಿಯ ಬಳಿಯ ಹೆಸರು ಹೇಳಿದ. "ಹಾಗಾದರೆ ಅವನು ಅವರ ಮನೆಯವನು, ಆಗುವುದಿಲ್ಲ," ಎಂದುಬಿಟ್ಟರು ಅಜ್ಜ. ನನಗಾದ ಖುಷಿ ಅಷ್ಟಿಷ್ಟಲ್ಲ.

"ಹಾಗಾದ್ರೆ ನಾನು ಹಿಡಿಯುತ್ತೇನೆ ಅಜ್ಜ. ನನ್ನ ನಂತರ ನನ್ನ ಮಗಳು," ಎಂದೆ.

ಅವರು ಗದರಲಿಲ್ಲ, ನಕ್ಕರು. ಅದೇ ನನಗೆ ತಡೆಯಲಾಗದ್ದು. "ಹೆಂಗಸರಿಗೆ ಅದೆಲ್ಲ ಯಾಕೆ ಮಗಾ? ಗಡಿ ಖಾಲಿ ಇರಲಿ, ಅವಸರ ಎಂತ? ಹುಡುಗಿಗೆ ಒಂದು ಮದುವೆ ಮಾಡು. ಗಂಡು ಹುಟ್ಟಲಿ, ಅವನು ಹಿಡಿಯಲಿ."

ಅಣ್ಣ ತಲೆದೂಗಿದ. ತನ್ನ ಮಗನಿಗೆ ಸಿಗದಿದ್ದರೂ ಚಿಂತೆಯಿಲ್ಲ, ನಮಗೆ ಸಿಗಲಿಲ್ಲವಲ್ಲ, ಅದೇ ಅವನಿಗೆ ಸಮಾಧಾನ! ನಾನಿದ್ದೇನೆ, ಇಪ್ಪತ್ತು ತುಂಬಿದ ಮಗಳಿದ್ದಾಳೆ. ನಮ್ಮನ್ನು ಬಿಟ್ಟು, ಇನ್ನೂ ಹುಟ್ಟದ ಗಂಡಿಗೆ ಇವರು ಜಾಗ ಕಾಯುತ್ತಾರಂತೆ.

ಮಗಳು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿ, ಫೋನಿನ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಅಂದಳು.

"ಹುಡುಗಿ ಎಂತ ಹೇಳಿದ್ದು?" ಎಂದರು ಅಜ್ಜ.

"ಎಂತ ಇಲ್ಲ ಅಜ್ಜ, ಊಟಕ್ಕೆ ಕರೀತಿದ್ದಾಳೆ," ಎಂದು ಅಣ್ಣ ಫೋನಿಗೆ ಕೈ ಚಾಚಿದ.

ಅವನಿಗಿಂತ ಮೊದಲು ನಾನೇ ಎತ್ತಿಕೊಂಡೆ. ಅಜ್ಜನಿಗೆ ಸರಿಯಾಗಿ ಕೇಳಿಸುವ ಹಾಗೆ, ಅವಳು ಅಂದದ್ದನ್ನು ತುಳುವಿನಲ್ಲಿ ಒಂದಕ್ಷರ ಬಿಡದೆ ಹೇಳಿದೆ: "ನಿಮಗೆ ನಾನು ಯಜಮಾನನನ್ನು ಹೆತ್ತುಕೊಡುವುದಿಲ್ಲ. ಬೇಕಿದ್ದರೆ ನನ್ನನ್ನು ಕೂರಿಸಿ."