ಎಲ್ಲರನ್ನೂ ನಮ್ಮವರೆನ್ನುತ್ತಿದ್ದ ಅತ್ತೆ

ಟೀವಿಯಲ್ಲಿ ಹಾಡುತ್ತಿರುವ ಅಪರಿಚಿತ ಹುಡುಗಿಯ ಮೂಗನ್ನು ನೋಡಿ ಅವಳ ಅಜ್ಜನ ಮನೆ ಯಾವುದೆಂದು ತೀರ್ಮಾನಿಸುವವರು ನಿಮ್ಮ ಮನೆಯಲ್ಲೂ ಇದ್ದಾರೆಯೇ? ನಮ್ಮ ಮನೆಯಲ್ಲಿದ್ದರು. ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಎಡಗಣ್ಣನ್ನು ಅರ್ಧ ಮುಚ್ಚಿ, ಕುರ್ಚಿಯ ಅಂಚಿಗೆ ಸರಿದು, ಬಲಗೈಯ ತೋರುಬೆರಳನ್ನು ಟೀವಿಯ ಗಾಜಿಗೆ ತಾಗಿಸಿ, "ಇದು ನೋಡು, ಈ ಮೂಗು. ಇದು ನಮ್ಮ ಕಡೆಯದ್ದೇ" ಎನ್ನುತ್ತಿದ್ದರು ನನ್ನ ಸೋದರತ್ತೆ. ಗಾಜಿನ ಮೇಲೆ, ಮನುಷ್ಯರ ಮುಖ ಬರುವ ಎತ್ತರದಲ್ಲಿ, ಅವರ ಬೆರಳಿನ ಎಣ್ಣೆಯ ಗುರುತು ಸದಾ ಇರುತ್ತಿತ್ತು. ಒರೆಸುವ ಕೆಲಸ ನನ್ನದು.

ಅವರು ನನ್ನ ತಂದೆಯ ಅಕ್ಕ. ಕುಂಬ್ರದ ಮನೆಗೆ ಮದುವೆಯಾಗಿ ಹೋಗಿದ್ದವರು, ಮಾವ ತೀರಿಕೊಂಡ ಮೇಲೆ ಸುಳ್ಯದ ನಮ್ಮ ಮನೆಗೆ ಬಂದು ನೆಲೆಸಿದರು. ನಮ್ಮ ಮನೆಮಾತು ಅರೆಭಾಷೆ. ಅತ್ತೆಯ ಮಾತುಗಳನ್ನು ಎಲ್ಲರಿಗೂ ತಿಳಿಯಲೆಂದು ನಮ್ಮೂರಿನ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಅವರ ಶೋಧನೆಗೆ ಮೂಗು ಒಂದೇ ಆಧಾರವಲ್ಲ. ಧಾರಾವಾಹಿಯ ನಾಯಕ ಊಟಕ್ಕೆ ಕೂತರೆ ಅನ್ನ ಕಲಸುವ ಕ್ರಮವನ್ನು ಪರೀಕ್ಷಿಸುತ್ತಿದ್ದರು. ಕ್ರಿಕೆಟ್ ಆಟಗಾರ ಬೆವರು ಒರೆಸಿಕೊಂಡರೆ ಆ ಒರೆಸುವಿಕೆಯಲ್ಲೂ ಒಂದು ಮನೆತನ ಕಾಣುತ್ತಿತ್ತು. ಹಾಡಿನ ಸ್ಪರ್ಧೆಯ ತೀರ್ಪುಗಾರರು, ವಾರ್ತೆ ಓದುವ ಹೆಂಗಸು, ಸಾಬೂನಿನ ಜಾಹೀರಾತಿನ ತಾಯಿ, ಯಾರನ್ನೂ ಅವರು ಸುಮ್ಮನೆ ಬಿಟ್ಟವರಲ್ಲ. ಭಾನುವಾರ ನೆಂಟರು ಸೇರಿದರೆ ಇದೇ ಮಾತು. ಕಬಕದ ನನ್ನ ದೊಡ್ಡಮ್ಮನ ಮಗ ಒಮ್ಮೆ ಮೊಬೈಲು ತೆಗೆದು, ಅತ್ತೆಗೆ ಪ್ರಾಣವಾಗಿದ್ದ ಒಬ್ಬ ತಮಿಳು ನಟನ ಊರನ್ನು ಓದಿ ಹೇಳಿದ.

"ಅತ್ತೆ, ಇವರು ಮದುರೈ ಹತ್ತಿರದವರು. ಇಲ್ಲಿ ಬರೆದುಂಟು."

"ಅದು ಈಗ. ಮೂಲ ಎಲ್ಲಿ?"

"ಮೂಲವೂ ಅಲ್ಲೇ ಅಂತ ಉಂಟು ಮಾರಾಯ್ರೆ."

"ಬರೆದವನಿಗೆ ಎಂತ ಗೊತ್ತು? ಅವ ಪಂಚೆ ಎತ್ತಿ ಕಟ್ಟುದು ನೋಡಿದ್ದೀಯಾ? ಹಾಗೆ ಕಟ್ಟುದು ನಮ್ಮವರು ಮಾತ್ರ."

ಪಂಚೆ ಉಡುವ ನಾಡುಗಳೆಲ್ಲವೂ ಹಾಗೆಯೇ ಎತ್ತಿ ಕಟ್ಟುತ್ತವೆ ಎಂಬುದನ್ನು ನಾನು ನಿರೂಪಿಸಬಲ್ಲವನಾಗಿದ್ದೆ. ನಿರೂಪಿಸಲು ಹೊರಟೆ ಕೂಡ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾ ಸ್ಪರ್ಧೆಗಳಲ್ಲಿ ಮಾತನಾಡುತ್ತಿದ್ದೆ. ಪುತ್ತೂರಿನಲ್ಲಿ ನಡೆದ ಒಂದು ಸ್ಪರ್ಧೆಗೆ ಅತ್ತೆಯೂ ಬಂದಿದ್ದರು. ಅವರು ಅಲ್ಲಿಂದ ಕಲಿತು ಬಂದದ್ದು ಒಂದೇ ಸಂಗತಿ: ಸಮಯ ಮುಗಿದಾಗ ಗಂಟೆ ಬಾರಿಸಿದರೆ ಮಾತನಾಡುವವನು ಕೂತುಕೊಳ್ಳಬೇಕು. ಆ ಬಳಿಕ ನಾನು "ಮೊದಲನೆಯದಾಗಿ" ಎಂದು ಬಾಯಿ ತೆರೆದೊಡನೆ ಅವರು ಚಮಚದಿಂದ ಸ್ಟೀಲಿನ ಲೋಟಕ್ಕೆ ಟಣ್ಣೆಂದು ಹೊಡೆದು, "ಬೆಲ್ ಆಯ್ತು, ಕೂತುಕೋ" ಎನ್ನುತ್ತಿದ್ದರು. ನೆಂಟರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಆಕ್ಷೇಪ ಸರಳವಾಗಿತ್ತು. ಒಬ್ಬ ಗಾಯಕಿ ಚೆನ್ನಾಗಿ ಹಾಡಿದರೆ ಆ ಗೌರವ ಅವಳ ಅಭ್ಯಾಸಕ್ಕೆ ಸಲ್ಲಬೇಕು, ಅವಳ ಅಜ್ಜನ ಮನೆಗಲ್ಲ. ಅದಕ್ಕಿಂತ ಮುಖ್ಯವಾಗಿ, ಇಷ್ಟವಾದವರನ್ನೆಲ್ಲ ನಮ್ಮವರೆಂದು ಕರೆಯುವ ಮನೆಯು, ಇಷ್ಟವಾಗದವರನ್ನು ಅಷ್ಟೇ ಸಲೀಸಾಗಿ ಹೊರಗಿಡುತ್ತದೆ. ಇದಕ್ಕೆ ಪುರಾವೆ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ತಿಂಗಳುಗಟ್ಟಲೆ ಅತ್ತೆಯ ಬಾಯಲ್ಲಿ ನಮ್ಮವನಾಗಿದ್ದ ಒಬ್ಬ ಹಾಸ್ಯನಟ ಕುಡಿದು ಕಾರು ಗುದ್ದಿದ ಸುದ್ದಿ ಬಂದ ದಿನ, ಅವರು ಚಾನೆಲ್ ಬದಲಾಯಿಸುತ್ತ, "ಅವನಾ? ಅವ ಘಟ್ಟದ ಮೇಲಿನವ" ಎಂದುಬಿಟ್ಟರು. ನಾನು ಹಿಂದಿನ ವಾರದ ಅವರದೇ ಮಾತನ್ನು ನೆನಪಿಸಿದೆ. ಉತ್ತರವಾಗಿ ಲೋಟ ಟಣ್ಣೆಂದಿತು.

ಇಷ್ಟೇ ಆಗಿದ್ದರೆ ಇದನ್ನು ಒಂದು ಮನೆಯ ತಮಾಷೆಯೆಂದು ಮರೆಯಬಹುದಿತ್ತು. ಆದರೆ ನನ್ನ ತಂಗಿ ಕಡಬದ ಶಾಲೆಯೊಂದರಲ್ಲಿ ಟೀಚರಾದಳು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವನನ್ನು ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳಿದಳು. ಅವನದು ತಮಿಳು ಕುಟುಂಬ. ಅವನ ಅಜ್ಜ ಸಿಲೋನಿನ ಚಹಾ ತೋಟದಲ್ಲಿ ದುಡಿದವರು. ಎರಡು ಸರಕಾರಗಳ ಒಪ್ಪಂದದಂತೆ ಅಲ್ಲಿಂದ ವಾಪಸು ಕಳುಹಿಸಲ್ಪಟ್ಟ ಅನೇಕರಂತೆ ಇಲ್ಲಿಗೆ ಬಂದು ಸುಳ್ಯದ ರಬ್ಬರ್ ತೋಟದ ಕಾಲನಿಯಲ್ಲಿ ನೆಲೆಸಿದವರು. ತಂದೆ ನಿವೃತ್ತಿಯವರೆಗೂ ರಬ್ಬರ್ ಟ್ಯಾಪಿಂಗ್ ಮಾಡಿದವರು. ಹುಡುಗ ಹುಟ್ಟಿದ್ದು ಸುಳ್ಯದಲ್ಲಿ. ತುಳು, ಕನ್ನಡ, ಅರೆಭಾಷೆ ಮೂರನ್ನೂ ನಮ್ಮಷ್ಟೇ ಚೆನ್ನಾಗಿ ಮಾತನಾಡುವವನು.

ಅವನು ನಮ್ಮ ಮನೆಗೆ ಬಂದುಹೋದದ್ದುಂಟು. ಬಂದಾಗಲೆಲ್ಲ ಅತ್ತೆಯೊಂದಿಗೆ ಕೂತು ಆ ತಮಿಳು ನಟನ ಸಿನೆಮಾಗಳ ಕಥೆಯನ್ನು ಹೇಳುತ್ತಿದ್ದ. ಡಬ್ ಆದ ಸಂಭಾಷಣೆಯಲ್ಲಿ ಬಿಟ್ಟುಹೋದ ಮಾತುಗಳನ್ನು ಬಿಡಿಸಿ ತಿಳಿಸುತ್ತಿದ್ದ. ಅತ್ತೆ ಅವನಿಗೆ ಎರಡನೆಯ ಸಲ ಕಾಫಿ ಕೊಡುತ್ತಿದ್ದರು, ನನಗೆ ಎಂದೂ ಕೊಡದಷ್ಟು ಸಕ್ಕರೆ ಹಾಕಿ. ಆದರೂ ಮದುವೆಯ ಮಾತು ಬಂದಾಗ ಅವರ ಬಾಯಿಂದ ಬಂದದ್ದು ಇಷ್ಟು:

"ಕಾಲನಿಯವನನ್ನಾ? ಸಿಲೋನಿನವನನ್ನಾ?"

ನಾನು ತಡೆದುಕೊಳ್ಳಲಿಲ್ಲ. "ಅತ್ತೆ, ಮದುರೈಯಲ್ಲಿ ಹುಟ್ಟಿದ ನಟ ನಿಮಗೆ ನಮ್ಮವ. ಸುಳ್ಯದಲ್ಲಿ ಹುಟ್ಟಿದ ಹುಡುಗ ಹೊರಗಿನವ. ಇದು ಯಾವ ನ್ಯಾಯ?"

"ಅವರು ಸಿನೆಮಾದವರು ಮಾರಾಯ. ಅವರಿಗೆ ಹೆಣ್ಣು ಕೊಡ್ಲಿಕ್ಕೆ ಉಂಟಾ?"

ತಂಗಿ ಎದ್ದು ಒಳಗೆ ಹೋದಳು. ಮಾತಿಗೆ ಉತ್ತರ ಮಾತಿನಲ್ಲೇ ಇದೆಯೆಂದು ನಂಬಿದವನು ನಾನು. ಆ ದಿನ ನಾನು ಅಡುಗೆಮನೆಯವರೆಗೂ ಅತ್ತೆಯನ್ನು ಹಿಂಬಾಲಿಸಿ ವಾದಿಸಿದೆ. ಅವರು ತೆಂಗಿನಕಾಯಿ ತುರಿಯುತ್ತಲೇ ಇದ್ದರು. ಆ ರಾತ್ರಿ ಊಟಕ್ಕೆ ಬಾರದ ತಂಗಿಯ ಕೋಣೆಗೆ ತಟ್ಟೆ ಹಿಡಿದು ಹೋದವರೂ ಅವರೇ; ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು.

ನಿರ್ಧಾರ ಅಜ್ಜಾವರದ ದೊಡ್ಡಪ್ಪನ ಕೈಯಲ್ಲಿತ್ತು. ಮನೆತನಕ್ಕೆ ಹಿರಿಯರು, ಅವರು ಬೇಡವೆಂದರೆ ನನ್ನ ತಂದೆ ಒಂದು ಹೆಜ್ಜೆ ಮುಂದಿಡುವವರಲ್ಲ. ಅಣ್ಣ ಒಪ್ಪದ ಮದುವೆಗೆ ತಾನು ನಿಲ್ಲುವುದಿಲ್ಲವೆಂದು ತಂದೆ ತಂಗಿಗೆ ನೇರವಾಗಿಯೇ ಹೇಳಿದ್ದರು. ಮನೆಯವರನ್ನು ಬಿಟ್ಟು ಮದುವೆಯಾಗುವುದಿಲ್ಲವೆಂದು ತಂಗಿಯೂ ಹೇಳಿದ್ದಳು. ಹೀಗೆ ಅವಳ ಬಾಳೆಲ್ಲ ಒಂದು ಮಧ್ಯಾಹ್ನದ ಮಾತುಕತೆಗೆ ಕಟ್ಟುಬಿತ್ತು.

ಮಾತುಕತೆಗೆ ದೊಡ್ಡಪ್ಪ ನಮ್ಮ ಮನೆಗೆ ಬಂದರು, ಹುಡುಗನೂ ಅವನ ತಂದೆತಾಯಿಯೂ ಬಂದರು. ಬೆಲ್ಲ ನೀರು ಕೊಟ್ಟದ್ದಾಯಿತು. ವೀಳ್ಯದ ಹರಿವಾಣ ನಡುವೆ ಇತ್ತು. ಒಪ್ಪಿಗೆಯೆಂದು ಹರಿವಾಣವನ್ನು ಎದುರಿನವರ ಕಡೆಗೆ ಸರಿಸುವ ಮೊದಲು ಹಿರಿಯರು ಮನೆ ಮತ್ತು ಬಳಿಯನ್ನು ಕೇಳುವುದು ನಮ್ಮಲ್ಲಿ ಕ್ರಮ. ಬಳಿ ಎಂದರೆ ಒಂದೇ ಮೂಲದ ಮನೆಗಳ ಗುಂಪು. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಉತ್ತರ ಗೊತ್ತಿದ್ದೂ ದೊಡ್ಡಪ್ಪ ಕೇಳಿದರು.

"ನಿಮ್ಮದು ಯಾವ ಮನೆ, ಯಾವ ಬಳಿ?"

ಹುಡುಗನ ತಂದೆ ಕೈಯೊಳಗೆ ಕೈ ಹಿಡಿದುಕೊಂಡು ಹೇಳಿದರು. "ನಮ್ಮಲ್ಲಿ ಹಾಗೆ ಇಲ್ಲ ಯಜಮಾನ್ರೆ. ಅಪ್ಪ ಸಿಲೋನಿನಲ್ಲಿ ಚಹಾ ತೋಟದಲ್ಲಿದ್ದದ್ದು. ಅದಕ್ಕಿಂತ ಹಿಂದೆ ತಿರುನೆಲ್ವೇಲಿ ಅಂತ ಹೇಳ್ತಿದ್ರು."

ದೊಡ್ಡಪ್ಪ ನನ್ನ ತಂದೆಯ ಕಡೆ ನೋಡಿದರು. ಆ ನೋಟದ ಅರ್ಥ ಎಲ್ಲರಿಗೂ ಆಯಿತು. ಆಗ ಬಾಗಿಲ ಬಳಿಯಿಂದ ಅತ್ತೆಯ ಸ್ವರ ಬಂತು.

"ಅದಕ್ಕಿಂತ ಹಿಂದೆ?"

"ಅದಕ್ಕಿಂತ ಹಿಂದೆ ನಮಗೆ ಗೊತ್ತಿಲ್ಲ ಅಮ್ಮ."

"ಗೊತ್ತಿಲ್ಲ ಅಲ್ವಾ? ಹಾಗಾದ್ರೆ ನಾನು ಹೇಳ್ತೇನೆ. ಅಣ್ಣ, ಇವರು ಮೂಲದಲ್ಲಿ ಇಲ್ಲಿಂದಲೇ ಹೋದವರು. ನಮ್ಮವರೇ. ಅಜ್ಜಾವರದಲ್ಲಿ ಆ ಮೇಲಿನಮನೆ ಇತ್ತಲ್ಲ, ಈಗ ಯಾರೂ ಇಲ್ಲ, ಆ ಮನೆಯವರು. ಹುಡುಗನ ಕಿವಿ ನೋಡು, ಮೇಲಿನಮನೆ ಅಜ್ಜನದ್ದೇ ಕಿವಿ."

ಕೋಣೆಯಲ್ಲಿದ್ದವರೆಲ್ಲ ಹುಡುಗನ ಕಿವಿಯನ್ನು ನೋಡಿದರು. ಹುಡುಗ ಕಿವಿ ಮುಟ್ಟಿಕೊಂಡ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಾತುಕತೆಯ ಮಧ್ಯೆ ಟೀವಿ ನೋಡುವ ಚಾಳಿಯನ್ನು ತಂದದ್ದಲ್ಲದೆ, ಈ ಹೆಂಗಸು ನನ್ನ ತಂಗಿಯ ಮದುವೆಯನ್ನು ಒಂದು ಸುಳ್ಳಿನ ಮೇಲೆ ನಿಲ್ಲಿಸಲು ಹೊರಟಿದ್ದರು.

ದೊಡ್ಡಪ್ಪ ನಿಧಾನವಾಗಿ ಕೇಳಿದರು. "ಮೇಲಿನಮನೆಯವರಾ?"

"ಹೌದು."

"ಮೇಲಿನಮನೆಯವರು ನಮ್ಮದೇ ಬಳಿ ಅಲ್ವಾ? ಹಾಗಾದ್ರೆ ಇವರಿಬ್ಬರು ಅಣ್ಣ ತಂಗಿ ಆಯ್ತು. ಮದುವೆ ಹೇಗೆ ಮಾಡುದು?"

ಕಾಫಿಯ ತಟ್ಟೆ ಹಿಡಿದು ನಿಂತಿದ್ದ ತಂಗಿ ತಟ್ಟೆಯನ್ನು ಕೆಳಗಿಟ್ಟಳು. ನಮ್ಮವನೆಂದು ಎಳೆದುಕೊಂಡ ರಭಸಕ್ಕೆ ಅತ್ತೆ ಹುಡುಗನನ್ನು ಮದುವೆಯಾಗಲಾರದಷ್ಟು ಹತ್ತಿರಕ್ಕೆ ತಂದುಬಿಟ್ಟಿದ್ದರು. ನಾನು ಎದ್ದು ನಿಂತೆ. ಈ ಅಸಂಬದ್ಧತೆಯನ್ನು ಬಿಡಿಸಿ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದೆಂದು, "ದೊಡ್ಡಪ್ಪ, ಮೊದಲನೆಯದಾಗಿ" ಎಂದು ಆರಂಭಿಸಿದೆ.

"ನೀನು ಕೂತುಕೋ" ಎಂದರು ದೊಡ್ಡಪ್ಪ. ಅವರು ಅತ್ತೆಯನ್ನೇ ನೋಡುತ್ತಿದ್ದರು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು, ಹೆಂಗಸರು ಸಾಮಾನ್ಯವಾಗಿ ಕೂರದ ಮುಂದಿನ ಬೆಂಚಿನಲ್ಲಿ ಕೂತರು.

"ಅಣ್ಣ, ನಾನು ಹೇಳಿದ್ದು ಸುಳ್ಳು. ಮೇಲಿನಮನೆಯೂ ಇಲ್ಲ, ಕಿವಿಯೂ ಇಲ್ಲ. ಇವರು ನಮ್ಮವರಲ್ಲ. ಇವರು ತಮಿಳರು, ಸಿಲೋನಿನಿಂದ ಬಂದವರು. ಹುಡುಗ ಒಳ್ಳೆಯವ. ಹುಡುಗಿಗೆ ಅವನೇ ಬೇಕು. ನಮ್ಮವರಲ್ಲದವರಿಗೆ ಕೊಡುದಾ ಬೇಡವಾ, ಅಷ್ಟು ಮಾತ್ರ ಹೇಳು. ಬಳಿ ಗಿಳಿ ಎಲ್ಲ ಬಿಡು."

"ನೀನು ಇಷ್ಟು ಹೇಳಿದ ಮೇಲೆ ನಾನು ಎಂತ ಹೇಳುದು?" ಎಂದು ದೊಡ್ಡಪ್ಪ ಗೊಣಗಿ, ಹುಡುಗನ ತಂದೆಯ ಕಡೆಗೆ ತಿರುಗಿ ಹರಿವಾಣವನ್ನು ಸರಿಸಿದರು. "ತಕ್ಕೊಳ್ಳಿ. ನಮ್ಮ ಮನೆಯವರು ಹೀಗೆಯೇ, ನಿಮಗೆ ಅಭ್ಯಾಸ ಆಗ್ತದೆ."

ವರ್ಷಗಟ್ಟಲೆ ನಾನು ವಾದಿಸಿದ್ದೂ ಅದನ್ನೇ: ಒಬ್ಬರು ನಮ್ಮವರಲ್ಲ ಎಂದು ಒಪ್ಪಿಕೊಂಡೇ ಅವರನ್ನು ಬರಮಾಡಿಕೊಳ್ಳಬಹುದು. ಆ ವಾಕ್ಯವನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಉಚ್ಚರಿಸಿದವರು ಅತ್ತೆ. ಅದಕ್ಕಾಗಿ ನಾನು ಅವರಿಗೆ ಋಣಿ. ಅವರ ವಿಚಾರ ಬದಲಾಯಿತೆಂದು ನಾನು ಸಂಭ್ರಮಪಟ್ಟೆ. ಅದು ಮುಂದಿನ ಭಾನುವಾರದವರೆಗೆ ಮಾತ್ರ ಉಳಿಯಿತು. ವಿದೇಶದ ಒಬ್ಬ ಫುಟ್ಬಾಲ್ ಆಟಗಾರ ಗೋಲು ಹೊಡೆದು ಮೊಣಕಾಲೂರಿದಾಗ ಅತ್ತೆ ಕುರ್ಚಿಯ ಅಂಚಿಗೆ ಸರಿದರು. ನಾನು ಎದ್ದು ಹೊರಗೆ ಹೋದೆ. ಹಿಂದಿನಿಂದ ನನ್ನ ಭಾವನಾಗಲಿದ್ದ ಹುಡುಗನ ಸ್ವರ ಕೇಳಿಸಿತು. "ಅತ್ತೆ, ಇವರದ್ದು ಮೂಲ ಎಲ್ಲಿ?" ಅವನಿಗೆ ಆಗಲೇ ಅಭ್ಯಾಸವಾಗಿತ್ತು.

ಮದುವೆಯಲ್ಲಿ ಅತ್ತೆ ಓಡಾಡಿದರು, ಬಡಿಸಿದರು, ಬೀಗಿತ್ತಿಯ ಪಕ್ಕದಲ್ಲಿ ಕೂತು ಭಾಷೆ ಬಾರದೆಯೂ ಹರಟಿದರು. ಎರಡು ವರ್ಷ ಕಳೆದು, ಒಂದು ಬೆಳಗ್ಗೆ ಎದೆನೋವೆಂದು ಕೂತವರು ಆಸ್ಪತ್ರೆ ತಲುಪುವಷ್ಟರಲ್ಲಿ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನನ್ನ ಭಾವನೂ ಒಬ್ಬ.

ಉತ್ತರಕ್ರಿಯೆಯ ದಿನ ಊಟದ ಪಂಕ್ತಿಯಲ್ಲಿ ದೂರದ ನೆಂಟರೊಬ್ಬರು ಭಾವನನ್ನು ತೋರಿಸಿ ಪಕ್ಕದವರಿಗೆ ಹೇಳುತ್ತಿದ್ದರು: "ಅವನಾ? ಮೂಲದಲ್ಲಿ ಅಜ್ಜಾವರದ ಮೇಲಿನಮನೆಯವ ಅಂತೆ." ಪಕ್ಕದವರು ಬಳಿ ಒಂದೇ ಆಗುವುದಿಲ್ಲವೇ ಎಂದು ಕೇಳಿದರು. ನೆಂಟರು ತುಸು ಯೋಚಿಸಿ, "ತಾಯಿಯ ಕಡೆಯಿಂದ ಇರಬೇಕು" ಎಂದರು. ಅತ್ತೆ ತಾವೇ ಹಿಂತೆಗೆದುಕೊಂಡ ಸುಳ್ಳನ್ನು ಇವರು ರಿಪೇರಿ ಮಾಡಿ ನಡೆಸುತ್ತಿದ್ದರು. ನಾನು ಎಲೆಯ ಮುಂದೆಯೇ ತಿದ್ದಿದೆ. ಅವರು ನಕ್ಕು ಪಾಯಸ ಕೇಳಿದರು. ಅಂದಿನಿಂದ ಈವರೆಗೆ ಇನ್ನೂ ಎಷ್ಟೋ ಮನೆಗಳಲ್ಲಿ ಇದನ್ನು ತಿದ್ದುತ್ತಿದ್ದೇನೆ, ಮುಗಿಯುತ್ತಿಲ್ಲ.

ಆದ್ದರಿಂದ ಪುತ್ತೂರು, ಸುಳ್ಯ, ಕಡಬದ ಓದುಗರಲ್ಲಿ ಒಂದು ವಿನಂತಿ. ಯಾವುದಾದರೂ ಮನೆಯಲ್ಲಿ, ಯಾವುದಾದರೂ ಊಟದ ಪಂಕ್ತಿಯಲ್ಲಿ, ನನ್ನ ತಂಗಿಯ ಗಂಡ ಮೂಲದಲ್ಲಿ ನಮ್ಮವನೆಂದು ಯಾರಾದರೂ ಹೇಳಿದರೆ ದಯವಿಟ್ಟು ತಿದ್ದಿ. ಅವನು ತಮಿಳು ಮನೆಯವನು, ಅವನ ಅಜ್ಜ ಸಿಲೋನಿನಿಂದ ಬಂದವರು, ಅವನಿಗೆ ನಾವು ತಿಳಿದೇ ಹೆಣ್ಣು ಕೊಟ್ಟಿದ್ದೇವೆ ಎಂದು ಹೇಳಿ.