ನಾಯಿಮರಿಗೆ ನೋಡಿದ ಮುಹೂರ್ತ

ನಾಯಿಗೂ ಜನ್ಮನಕ್ಷತ್ರ ಹುಡುಕಿದ ಮನುಷ್ಯ ಚೆನ್ನೈಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಪುರಸೈವಾಕ್ಕಂನ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವವನು. ತಂಗಿ ಸುಧಾ ಓದಿದವಳು, ಅಣ್ಣಾ ನಗರದಲ್ಲಿ ಬ್ಯಾಂಕಿನ ಕೆಲಸ. ಅವಳು ತಂದ ಮರಿ ಗುಂಡನಿಗೆ ಮೊದಲನೇ ಇಂಜೆಕ್ಷನ್ ಆಗಿತ್ತು. ಅಷ್ಟರಲ್ಲಿ ಅವಳಿಗೆ ಮೈಸೂರಿನಲ್ಲಿ ಒಂದು ತಿಂಗಳ ತರಬೇತಿ ಬಂತು. ಹೊರಡುವಾಗ ಡಾಕ್ಟರ ಚೀಟಿ ನನ್ನ ಕೈಗಿಟ್ಟು, "ಅಣ್ಣ, ಸೋಮವಾರ ಎರಡನೇದು. ಮರೀಬೇಡ" ಎಂದಳು.

ಮರೆಯಲಿಲ್ಲ. ಮರೆತಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ದಿನವೂ ತಪ್ಪದೆ ಓದುವುದು ಗೋಡೆಯ ಕ್ಯಾಲೆಂಡರ್ ಒಂದನ್ನೇ. ಸೋಮವಾರ ನೋಡಿದರೆ, ಡಾಕ್ಟರು ಬಂದು ಕೂರುವ ಹೊತ್ತಿಗೆ ಸರಿಯಾಗಿ ರಾಹುಕಾಲ. ಮಂಗಳವಾರ ಯಾರೂ ಮದ್ದು ಶುರು ಮಾಡುವುದಿಲ್ಲ. ಬುಧವಾರ ಕರಿನಾಳು, ತಮಿಳರಿಗೆ ಶುಭಕ್ಕಾಗದ ದಿನ. ನಾವು ಕನ್ನಡದವರು, ನಮಗೆ ಅದಿಲ್ಲ. ಆದರೆ ಇಪ್ಪತ್ತು ವರ್ಷ ಇಲ್ಲಿನ ನೀರು ಕುಡಿದು ಇಲ್ಲಿನ ಕೆಟ್ಟ ದಿನಗಳನ್ನು ಮಾತ್ರ ಬೇಡವೆನ್ನುವುದು ಹೇಗೆ? ಎರಡೂ ಕಡೆಯವನ್ನು ಪಾಲಿಸಿದೆ. ಗುರುವಾರ ಅಷ್ಟಮಿ, ಶುಕ್ರವಾರ ನವಮಿ. ಶನಿವಾರ ಚಂದ್ರಾಷ್ಟಮ, ರಾಶಿಗೆ ಚಂದ್ರ ಎಂಟನೆಯವನಾಗುವ ಕೆಟ್ಟ ದಿನ, ಅದೂ ನನಗೆ. ಗುಂಡನ ನಕ್ಷತ್ರ ಗೊತ್ತಿರಲಿಲ್ಲವಾದ್ದರಿಂದ ನನ್ನದನ್ನೇ ಅವನಿಗೂ ಕೊಟ್ಟಿದ್ದೆ. ಹೀಗೆ ಹದಿಮೂರು ದಿನ.

ಹದಿನಾಲ್ಕನೆಯ ಬೆಳಿಗ್ಗೆ ಕಾಸಿಮೇಡಿನ ಮೀನಿನವಳು ಬುಟ್ಟಿ ಹೊತ್ತು ಬಾಗಿಲ ಮುಂದೆಯೇ ಹೋದಳು. ಗುಂಡ ಮೂಗೆತ್ತಲಿಲ್ಲ. ಮಧ್ಯಾಹ್ನದೊಳಗೆ ವಾಂತಿ, ಆಮೇಲೆ ರಕ್ತಭೇದಿ. ಆಟೋದಲ್ಲಿ ತೊಡೆಯ ಮೇಲೆ ಮಲಗಿದ್ದ ಅವನು ಒದ್ದೆ ಟವಲಿನಷ್ಟೂ ಭಾರವಿರಲಿಲ್ಲ. ಆಗ ಯಾವ ಕಾಲ ನಡೆಯುತ್ತಿತ್ತೋ, ನಾನು ನೋಡಲಿಲ್ಲ.

ಡಾಕ್ಟರು ಚೀಟಿಯ ತಾರೀಖು ನೋಡಿ ಯಾಕೆ ತಡವೆಂದರು. ಹೆದರಿಕೆಯಲ್ಲಿ ನಿಜವೇ ಬಾಯಿಗೆ ಬಂತು. ಅವರು ಬೈಯಲಿಲ್ಲ. "ನೋಯ್ ನಲ್ಲ ನೇರಂ ಪಾತ್ತಾ ಸಾರ್ ವರುದು?" ಎಂದರು. ಕಾಯಿಲೆಯೇನು ಒಳ್ಳೆಯ ಗಳಿಗೆ ನೋಡಿ ಬರುತ್ತದೆಯೇ ಎಂದು. ಐದು ದಿನ ಡ್ರಿಪ್ ಹಾಕಿದರು. ಆರನೆಯ ದಿನ ಗುಂಡ ನನ್ನ ಬೆರಳಿನಿಂದ ಎರಡು ಅಗುಳು ಮೊಸರನ್ನ ನೆಕ್ಕಿದ. ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ನಾನು ಅತ್ತೆ.

ಸುಧಾ ಬಂದಾಗ ಮಾತ್ರ, ಡಾಕ್ಟರೇ ಊರಲ್ಲಿರಲಿಲ್ಲ ಎಂದು ಸುಳ್ಳು ಹೇಳಿದೆ. ಮರಿ ಚೇತರಿಸಿಕೊಂಡ ಮೇಲೆ, ತಪ್ಪಿದ ಇಂಜೆಕ್ಷನ್ ಕೊಡಿಸಲು ಇಬ್ಬರೂ ಹೋದೆವು. ಡಾಕ್ಟರು ನಗುತ್ತಾ, ಇವತ್ತು ರಾಹುಕಾಲ ಮುಗಿಯಿತಲ್ಲ ಸಾರ್ ಎಂದು ನನ್ನನ್ನು ಕೇಳಿಬಿಟ್ಟರು. ಸುಧಾಳಿಗೆ ಎಲ್ಲ ಅರ್ಥವಾಯಿತು.

ಗುಂಡನ ಕಿವಿ ಸವರುತ್ತಾ ಹೇಳಿದಳು: "ಮದುವೆಗೆ ಅಂತ ನನ್ನ ಜಾತಕಾನೂ ಎಂಟು ವರ್ಷದಿಂದ ಹಿಡ್ಕೊಂಡು ದಿನ ನೋಡ್ತಾನೇ ಇದೀಯ. ನಾನು ತಡ್ಕೋತೀನಿ ಬಿಡು. ಇದು ಪುಟ್ಟದು ಅಣ್ಣ."

ಅಷ್ಟರಲ್ಲಿ ಸೂಜಿ ಹತ್ತಿರ ಬಂತು. ಗುಂಡ ಒಮ್ಮೆ ಸುತ್ತ ನೋಡಿದ. ಮರೀಬೇಡ ಎಂದು ಚೀಟಿ ಕೊಟ್ಟ ಸುಧಾ ಇದ್ದಳು, ಜೀವ ಉಳಿಸಿದ ಡಾಕ್ಟರಿದ್ದರು. ಅವನು ಓಡಿಬಂದು ಮುಖ ಮುಚ್ಚಿಕೊಂಡದ್ದು ನನ್ನ ಕಂಕುಳಲ್ಲಿ.